ಸೆನ್ಸರ್ ಎರಡು ಸಲ ಬದಲಿಸಿದರೂ ಅದೇ ಕೋಡ್: ಇಸಿಎಂ ಕೊಳ್ಳುವ ಮೊದಲು ಆ ರಿಟರ್ನ್ ವೈರು ನೋಡಿ

ಪ್ರಶ್ನೆ: ನಮ್ಮದು 20 ಟನ್ ವರ್ಗದ ಎಕ್ಸ್‌ಕವೇಟರ್, 24 ವೋಲ್ಟ್, ಕಾಮನ್ ರೈಲ್ ಎಂಜಿನ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ತೊಂದರೆ ಇಲ್ಲ. ಒಂದು ಗಂಟೆ ಅಗೆದು ಬಿಸಿಯಾದ ಮೇಲೆ ಮಾನಿಟರಿನಲ್ಲಿ ಎಸ್‌ಪಿಎನ್ 100 ಎಫ್‌ಎಂಐ 3 ಬರುತ್ತದೆ, ಕೆಲವು ಸಲ ಜೊತೆಗೆ ಎಸ್‌ಪಿಎನ್ 102 ಎಫ್‌ಎಂಐ 3 ಕೂಡ. ಪವರ್ ಇಳಿದುಬಿಡುತ್ತದೆ. ಕೀ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಆಯಿಲ್ ಪ್ರೆಶರ್ ಸೆನ್ಸರ್ ಎರಡು ಸಲ ಬದಲಿಸಿದ್ದಾಯಿತು. ಕೋಡ್ ಬರುವ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೂಡ ತಟ್ಟನೆ ತಣ್ಣನೆಯ ಕಡೆಗೆ ಬಿದ್ದು ಮತ್ತೆ ಏಳುತ್ತದೆ ಎಂದು ಆಪರೇಟರ್ ಹೇಳುತ್ತಾನೆ. ಮೆಕ್ಯಾನಿಕ್ ಈಗ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೋಗಿದೆ, ಬದಲಿಸೋಣ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಇಸಿಎಂ ಸದ್ಯಕ್ಕೆ ಕೊಳ್ಳಬೇಡಿ. ಮೂರನೇ ಆಯಿಲ್ ಪ್ರೆಶರ್ ಸೆನ್ಸರ್ ಅಂತೂ ಬೇಡವೇ ಬೇಡ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಆಪರೇಟರ್ ಹೇಳಿದ್ದೆಂದು ಸೇರಿಸಿದ್ದೀರಲ್ಲ, ಆ ಟೆಂಪರೇಚರ್ ಮುಳ್ಳಿನ ಮಾತು, ಅದರಲ್ಲೇ ಅರ್ಧ ಉತ್ತರ ಇದೆ. ಎಂಜಿನ್ನಿನ ನೀರು ಎರಡು ಸೆಕೆಂಡಿನಲ್ಲಿ 85 ಡಿಗ್ರಿಯಿಂದ 30 ಡಿಗ್ರಿಗೆ ಇಳಿದು ಮತ್ತೆ ಏರಲು ಸಾಧ್ಯವೇ ಇಲ್ಲ. ಅಂದರೆ ಆ ಕ್ಷಣ ಟೆಂಪರೇಚರ್ ಸೆನ್ಸರ್ ಕೂಡ ಸುಳ್ಳು ಹೇಳಿದೆ. ಆಯಿಲ್ ಪ್ರೆಶರ್, ಬೂಸ್ಟ್ ಪ್ರೆಶರ್, ನೀರಿನ ಬಿಸಿ, ಹೀಗೆ ಬೇರೆ ಬೇರೆ ಕಡೆ ಕೂತ ಮೂರು ಸೆನ್ಸರ್‌ಗಳು ಒಂದೇ ಕ್ಷಣಕ್ಕೆ ಕೆಡುವುದಿಲ್ಲ. ಮೂರಕ್ಕೂ ಸಮಾನವಾಗಿರುವ ಯಾವುದೋ ಒಂದು ಕೈಕೊಡುತ್ತಿದೆ.

ಅದು ಯಾವುದೆಂದು ಹೇಳುವ ಮೊದಲು ಕೋಡ್ ಓದುವ ಬಗ್ಗೆ ಎರಡು ಮಾತು. ಇಂಥ ಯಂತ್ರಗಳ ಕಂಪ್ಯೂಟರ್‌ಗಳು ಬಳಸುವ ಎಸ್‌ಎಇ ಜೆ1939 ಪದ್ಧತಿಯಲ್ಲಿ ಕೋಡಿಗೆ ಎರಡು ಭಾಗ. ಎಸ್‌ಪಿಎನ್ ಯಾವ ಅಳತೆಯ ವಿಷಯ ಎಂದು ಹೇಳುತ್ತದೆ: 100 ಎಂದರೆ ಎಂಜಿನ್ ಆಯಿಲ್ ಪ್ರೆಶರ್, 102 ಬೂಸ್ಟ್ ಪ್ರೆಶರ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), 110 ಕೂಲೆಂಟ್ ಟೆಂಪರೇಚರ್, 157 ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್ ಒತ್ತಡ), 190 ಎಂಜಿನ್ ವೇಗ. ಎಫ್‌ಎಂಐ ಆ ಅಳತೆಗೆ ಏನಾಗಿದೆ ಎಂದು ಹೇಳುತ್ತದೆ. 0ಯಿಂದ 31ರವರೆಗೆ ಇರುತ್ತದೆ. ಕೆಲವು ಯಂತ್ರಗಳ ಮಾನಿಟರ್ ತನ್ನದೇ ನಂಬರ್ ತೋರಿಸುತ್ತದೆ. ಕಮಿನ್ಸ್‌ನಲ್ಲಿ 135, ಕೊಮಾಟ್ಸುವಿನಲ್ಲಿ ಸಿಎ135 ಎಂದು ಬಂದರೆ ಅದು ನಿಮ್ಮ 100–3 ಕೋಡೇ. ಹಾಗೆಯೇ 144 ಎಂದರೆ 110–3.

ಎಲ್ಲರೂ ಎಸ್‌ಪಿಎನ್ ನೋಡಿ ಸೆನ್ಸರ್ ತರಲು ಓಡುತ್ತಾರೆ. ಕೆಲಸಕ್ಕೆ ಬರುವುದು ಎಫ್‌ಎಂಐ. ಅದು 3, 4, 5, 6 ಆಗಿದ್ದರೆ ಇಸಿಎಂ ದೂರುತ್ತಿರುವುದು ವಿದ್ಯುತ್ತಿನ ಬಗ್ಗೆ: 3 ವೋಲ್ಟೇಜ್ ಮೇಲೆ ಹೋಗಿದೆ, 4 ಕೆಳಗೆ ಬಿದ್ದಿದೆ, 5 ಕರೆಂಟ್ ಕಡಿಮೆ ಅಥವಾ ಸರ್ಕ್ಯೂಟ್ ಓಪನ್, 6 ಕರೆಂಟ್ ಜಾಸ್ತಿ ಅಥವಾ ಗ್ರೌಂಡಿಗೆ ಶಾರ್ಟ್. ಇಲ್ಲಿ ಎಂಜಿನ್ ಒಳಗೆ ಏನಾಗಿದೆ ಎಂಬ ಮಾತೇ ಇಲ್ಲ. 0, 1 ಮತ್ತು 15ರಿಂದ 18 ಆಗಿದ್ದರೆ ಕಥೆ ತಿರುಗಾಮುರುಗಾ: ಸರ್ಕ್ಯೂಟ್ ಚೆನ್ನಾಗಿದೆ, ಅಳತೆಯೂ ನಂಬುವಂಥದ್ದೇ, ಆದರೆ ಇರಬೇಕಾದ ಮಿತಿ ದಾಟಿದೆ. 100–1 ಬಂದರೆ ಆಯಿಲ್ ಪ್ರೆಶರ್ ನಿಜವಾಗಿಯೇ ಇಳಿದಿದೆ ಎಂದೇ ಮೊದಲು ತಿಳಿಯಬೇಕು. ಎಂಜಿನ್ ಕೂಡಲೇ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ. ನಂತರ ಮೆಕ್ಯಾನಿಕಲ್ ಗೇಜ್ ಕಟ್ಟಿ ಅಳೆದು, ಆಮೇಲೆ ಬೇಕಾದರೆ ಸೆನ್ಸರ್ ಮೇಲೆ ಅನುಮಾನ ಪಡಿ. ಸೆನ್ಸರ್ ಇರಬೇಕು ಎಂದುಕೊಂಡು ಇನ್ನೊಂದು ಗಂಟೆ ಓಡಿಸಿದರೆ ಬೇರಿಂಗ್ ಹೋಗುತ್ತದೆ. 2, 8, 9, 10 ಈ ಎರಡರ ನಡುವಿನವು: ಸಿಗ್ನಲ್ ಬರುತ್ತಿದೆ, ಆದರೆ ಹೊಂದಿಕೆ ಇಲ್ಲ, ತಡವಾಗಿ ಬರುತ್ತಿದೆ, ನಂಬಲಾಗದ ವೇಗದಲ್ಲಿ ಬದಲಾಗುತ್ತಿದೆ. ಲೂಸ್ ಪಿನ್ನಿನ ವಾಸನೆ ಇವುಗಳಲ್ಲಿ ಹೆಚ್ಚು.

ನಿಮ್ಮದು 3. ವೋಲ್ಟೇಜ್ ಮೇಲೆ ಹೋಗಿದೆ. ಯಾಕೆ ಹೋಗುತ್ತದೆ ಎಂದು ತಿಳಿಯಲು ಸೆನ್ಸರಿನ ಮೂರು ವೈರುಗಳನ್ನು ನೋಡಬೇಕು. ಪ್ರೆಶರ್ ಸೆನ್ಸರಿಗೆ ಇಸಿಎಂ ಒಂದು ವೈರಿನಲ್ಲಿ 5 ವೋಲ್ಟ್ ಕೊಡುತ್ತದೆ. ಇನ್ನೊಂದು ರಿಟರ್ನ್. ಗ್ಯಾರೇಜಿನಲ್ಲಿ ಗ್ರೌಂಡ್ ಎಂದೇ ಕರೆಯುತ್ತಾರೆ, ಆದರೆ ಅದು ಚಾಸಿಗೆ ಹೋಗುವುದಿಲ್ಲ, ಇಸಿಎಂಗೆ ಮರಳುತ್ತದೆ. ಮೂರನೆಯದು ಸಿಗ್ನಲ್, ಒತ್ತಡಕ್ಕೆ ತಕ್ಕಂತೆ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟ್ ನಡುವೆ ಓಡಾಡುತ್ತದೆ. ಅದಕ್ಕಿಂತ ಮೇಲೆ, 5ರ ಹತ್ತಿರ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಇಸಿಎಂ ಎಫ್‌ಎಂಐ 3 ಬರೆಯುತ್ತದೆ. ಟೆಂಪರೇಚರ್ ಸೆನ್ಸರಿಗೆ ಎರಡೇ ವೈರು: ಸಿಗ್ನಲ್ ಮತ್ತು ರಿಟರ್ನ್. ಅದರೊಳಗೆ ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ ಥರ್ಮಿಸ್ಟರ್ ಇರುತ್ತದೆ. ಇಸಿಎಂ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರ್ ಅದನ್ನು ಎಷ್ಟು ಕೆಳಗೆ ಎಳೆಯುತ್ತದೆ ಎಂದು ನೋಡುತ್ತದೆ. ಬಿಸಿ ಇದ್ದರೆ ವೋಲ್ಟೇಜ್ ಕಡಿಮೆ, ತಣ್ಣಗಿದ್ದರೆ ಹೆಚ್ಚು, ವೈರು ತುಂಡಾದರೆ ಪೂರ್ತಿ 5.

ಈಗ ರಿಟರ್ನ್ ವೈರು ಒಂದು ಕ್ಷಣ ಬಿಟ್ಟುಹೋಯಿತು ಎನ್ನಿ. ಪ್ರೆಶರ್ ಸೆನ್ಸರಿಗೆ 5 ವೋಲ್ಟ್ ಬರುತ್ತಲೇ ಇದೆ, ಕೆಳಗಿಳಿಯಲು ದಾರಿ ಇಲ್ಲ. ಸಿಗ್ನಲ್ ಮೇಲಕ್ಕೆ ಎಗರಿ 5ರ ಹತ್ತಿರ ಹೋಗುತ್ತದೆ: 100–3. ಅದೇ ರಿಟರ್ನ್ ಹಂಚಿಕೊಂಡ ಬೂಸ್ಟ್ ಸೆನ್ಸರಿಗೂ ಅದೇ ಗತಿ: 102–3. ಟೆಂಪರೇಚರ್ ಸೆನ್ಸರಿನ ವೋಲ್ಟೇಜ್ ಕೂಡ ಏರುತ್ತದೆ. ಏರಿದ ವೋಲ್ಟೇಜನ್ನು ಇಸಿಎಂ ತಣ್ಣಗೆ ಎಂದು ಓದುತ್ತದೆ. ಮುಳ್ಳು ಬೀಳುತ್ತದೆ. ನಿಮ್ಮ ಆಪರೇಟರ್ ಕಂಡದ್ದು ಇದನ್ನೇ.

5 ವೋಲ್ಟ್ ಸಪ್ಲೈ ಕೆಟ್ಟಿದ್ದರೆ ಚಿತ್ರ ಬೇರೆ ಇರುತ್ತಿತ್ತು. ಸಪ್ಲೈ ಎಲ್ಲೋ ಗ್ರೌಂಡಿಗೆ ಉಜ್ಜಿದರೆ ಸಾಮಾನ್ಯವಾಗಿ ಸಿಗ್ನಲ್‌ಗಳು ಕೆಳಗೆ ಬೀಳುತ್ತವೆ, ಎಫ್‌ಎಂಐ 4 ಬರುತ್ತದೆ. ಜೊತೆಗೆ ಸಪ್ಲೈಗೇ ಮೀಸಲಾದ ಕೋಡ್ ಇದೆ, ಎಸ್‌ಪಿಎನ್ 3509 ಅಥವಾ 3510, ಹಳೆಯವುಗಳಲ್ಲಿ 620. ಸಪ್ಲೈ ವೈರು 24 ವೋಲ್ಟಿಗೆ ತಾಗಿದ್ದರೆ 3509–3 ಬರಬೇಕಿತ್ತು. ಈ ಎರಡೂ ಸಂದರ್ಭದಲ್ಲಿ ಟೆಂಪರೇಚರ್ ಮುಳ್ಳು ತನ್ನ ಪಾಡಿಗೆ ಇರುತ್ತಿತ್ತು, ಯಾಕೆಂದರೆ ಎರಡು ವೈರಿನ ಸೆನ್ಸರ್ ಆ ಸಪ್ಲೈ ವೈರನ್ನು ಬಳಸುವುದೇ ಇಲ್ಲ. ಆ ಮುಳ್ಳು ಬಿದ್ದದ್ದರಿಂದಲೇ ನಾನು ಸಪ್ಲೈ ಬಿಟ್ಟು ರಿಟರ್ನ್ ಕಡೆ ಬೆರಳು ತೋರಿಸುತ್ತಿದ್ದೇನೆ.

ಹಾಗಾದರೆ 110–3 ಯಾಕೆ ಬರಲಿಲ್ಲ ಎಂದು ಕೇಳಬಹುದು. ಬಂದಿರಲೂಬಹುದು. ಮಾನಿಟರ್ ತೋರಿಸುವುದು ಈಗ ಜೀವಂತವಾಗಿರುವ ಕೋಡ್‌ಗಳನ್ನು. ಬಂದು ಹೋದವು ಬೇರೆ ಪಟ್ಟಿಯಲ್ಲಿರುತ್ತವೆ. ಪ್ರತಿ ಸರ್ಕ್ಯೂಟಿಗೂ ಎಷ್ಟು ವೋಲ್ಟ್ ದಾಟಬೇಕು, ಎಷ್ಟು ಹೊತ್ತು ದಾಟಿರಬೇಕು ಎಂಬ ಮಿತಿಯೂ ಬೇರೆ ಬೇರೆ. ಅರ್ಧ ಸೆಕೆಂಡ್ ಬಿಟ್ಟುಹೋಗಿ ಕೂಡಿಕೊಂಡರೆ ಒಂದು ಕೋಡ್ ದಾಖಲಾಗಿ ಇನ್ನೊಂದು ತಪ್ಪಿಸಿಕೊಳ್ಳುವುದು ದಿನನಿತ್ಯದ ಸಂಗತಿ. ಆದ್ದರಿಂದ ಮೊದಲ ಕೆಲಸ: ಯಾವುದನ್ನೂ ಅಳಿಸದೆ, ಹಳೆಯ ಕೋಡ್‌ಗಳ ಪಟ್ಟಿಯನ್ನು ಪೂರ್ತಿ ತೆರೆದು ಫೋಟೋ ತೆಗೆದುಕೊಳ್ಳಿ. ಕೋಡಿನ ಜೊತೆ ಎಷ್ಟು ಸಲ ಬಂದಿದೆ, ಮೊದಲು ಬಂದದ್ದು ಎಷ್ಟನೇ ಅವರ್ ಮೀಟರಿನಲ್ಲಿ, ಕೊನೆಗೆ ಬಂದದ್ದು ಯಾವಾಗ ಎಂಬುದೂ ಇರುತ್ತದೆ. 100, 102, 110 ಮೂರೂ ಒಂದೇ ಗಂಟೆಯ ಮೇಲೆ ಕೂತಿದ್ದರೆ ಕೇಸು ಬಹುಪಾಲು ಮುಗಿದ ಹಾಗೆ. ಕೋಡ್ ಕಂಡ ತಕ್ಷಣ ಕ್ಲಿಯರ್ ಒತ್ತುವುದು ಮೆಕ್ಯಾನಿಕ್‌ಗಳ ಕೆಟ್ಟ ಚಾಳಿ. ಸಾಕ್ಷಿಯನ್ನೆಲ್ಲ ತಾವೇ ಒರೆಸಿಹಾಕಿ ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಎರಡನೆಯದು ವೈರಿಂಗ್ ಡಯಾಗ್ರಾಮ್. ಇದಿಲ್ಲದೆ ಮುಂದಿನ ಹೆಜ್ಜೆ ಇಡಬೇಡಿ. ಎಲ್ಲ ಇಸಿಎಂಗಳೂ ಎಲ್ಲ ಸೆನ್ಸರ್‌ಗೂ ಒಂದೇ ರಿಟರ್ನ್ ಕೊಡುವುದಿಲ್ಲ, ಕೆಲವದರಲ್ಲಿ ಎರಡು ಮೂರು ಗುಂಪುಗಳಿರುತ್ತವೆ. ನಿಮ್ಮ ಎಂಜಿನ್ನಿನಲ್ಲಿ ಈ ಮೂರು ಸೆನ್ಸರ್‌ಗಳ ರಿಟರ್ನ್ ಎಲ್ಲಿ ಕೂಡುತ್ತದೆ, ಹಾರ್ನೆಸ್ಸಿನೊಳಗೆ (ವೈರುಗಳ ಕಟ್ಟಿನೊಳಗೆ) ಸ್ಪ್ಲೈಸ್, ಅಂದರೆ ವೈರುಗಳ ಜೋಡಣೆ ಎಲ್ಲಿದೆ, ಇಸಿಎಂನ ಯಾವ ಪಿನ್ನಿಗೆ ಹೋಗುತ್ತದೆ ಎಂದು ಬೆರಳಿಟ್ಟು ಗುರುತಿಸಿ. ಅದೇ ರಿಟರ್ನ್ ಮೇಲೆ ನಾಲ್ಕನೇ ಸೆನ್ಸರ್ ಯಾವುದಿದೆ ಎಂದೂ ನೋಡಿ. ಅದು ಯಾವತ್ತೂ ದೂರು ಕೊಟ್ಟಿಲ್ಲವಾದರೆ ತೊಂದರೆ ಇರುವುದು ಅದರ ಕವಲು ಒಡೆದ ಜಾಗಕ್ಕಿಂತ ಈಚೆಗೆ, ಅಂದರೆ ಉಳಿದ ಮೂರರ ಕಡೆಗೆ. ಕಾಗದದ ಮೇಲೆ ಐದು ನಿಮಿಷ ಕಳೆದರೆ ಅರ್ಧ ದಿನದ ಟೇಪ್ ಬಿಚ್ಚುವ ಕೆಲಸ ಉಳಿಯುತ್ತದೆ.

ಮೂರನೆಯದನ್ನು ಬೆಳಗ್ಗೆ, ಎಂಜಿನ್ ರಾತ್ರಿಯಿಡೀ ತಣ್ಣಗಾದ ಮೇಲೆ ಮಾಡಿ. ಸ್ಟಾರ್ಟ್ ಮಾಡದೆ ಕೀ ಆನ್ ಮಾತ್ರ ಮಾಡಿ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣ ಹೇಳುತ್ತಿರುವ ಅಳತೆಗಳ ಪಟ್ಟಿ ತೆರೆಯಿರಿ. ಕೂಲೆಂಟ್, ಇನ್‌ಟೇಕ್ ಗಾಳಿ, ಫ್ಯೂಯೆಲ್, ಎಲ್ಲ ಟೆಂಪರೇಚರ್‌ಗಳೂ ಹೊರಗಿನ ಗಾಳಿಯ ಬಿಸಿಗೆ ಹತ್ತಿರ, ಒಂದಕ್ಕೊಂದು ಕೆಲವೇ ಡಿಗ್ರಿ ವ್ಯತ್ಯಾಸದಲ್ಲಿ ಇರಬೇಕು. ಆಯಿಲ್ ಪ್ರೆಶರ್ ಸೊನ್ನೆ. ಬೂಸ್ಟ್ ಸೆನ್ಸರ್ ಒಟ್ಟು ಒತ್ತಡ ಅಳೆಯುವ ಜಾತಿಯದಾದರೆ ಅದು ವಾತಾವರಣದ ಒತ್ತಡವನ್ನೇ ತೋರಿಸಬೇಕು: ಸಮುದ್ರ ಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, 1000 ಮೀಟರ್ ಎತ್ತರದಲ್ಲಿ ಸುಮಾರು 90. ಬ್ಯಾರೋಮೀಟರ್ ಸೆನ್ಸರ್, ಅಂದರೆ ಎಸ್‌ಪಿಎನ್ 108 ಇದ್ದರೆ ಎರಡೂ ಒಂದೇ ಹೇಳಬೇಕು. ಮೀಟರ್ ಕೂಡ ಬೇಡದ ಈ ಪರೀಕ್ಷೆ ನನಗೆ ಬಹಳ ಇಷ್ಟ. ಯಾವ ಕೋಡೂ ಬರೆಸದೆ ಮೆಲ್ಲಗೆ ಸುಳ್ಳು ಹೇಳುವ ಸೆನ್ಸರನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನೀವು ಎರಡು ಸಲ ಸೆನ್ಸರ್ ಬದಲಿಸಿದ್ದೀರಿ. ಥ್ರೆಡ್ ಒಂದೇ, ಕನೆಕ್ಟರ್ ಒಂದೇ, ಆದರೆ 7 ಬಾರ್ ಸೆನ್ಸರ್ ಜಾಗದಲ್ಲಿ 10 ಬಾರ್ ಸೆನ್ಸರ್ ಕೂತಿರುವುದನ್ನು ನೋಡಿದ್ದೇನೆ. ಅಂಥದ್ದು ಸೊನ್ನೆಯಲ್ಲಿ ಸರಿಯಾಗೇ ಕಾಣುತ್ತದೆ, ಎಂಜಿನ್ ಓಡುವಾಗ ಮಾತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪಾರ್ಟ್ ನಂಬರ್ ಒಮ್ಮೆ ತಾಳೆ ನೋಡಿಬಿಡಿ.

ಇನ್ನು ಮುಖ್ಯವಾದದ್ದು, ರಿಟರ್ನ್ ಪರೀಕ್ಷೆ. ಇದಕ್ಕೆ ಮಲ್ಟಿಮೀಟರಿನಲ್ಲಿ ಮಿನ್–ಮ್ಯಾಕ್ಸ್ ದಾಖಲಿಸುವ ಸೌಕರ್ಯ ಇರಬೇಕು. ಯಂತ್ರವನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಬೂಮ್ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ ಮೀಟರ್ ಕಟ್ಟಿ. ಕೆಂಪು ಪ್ರೋಬನ್ನು ಆಯಿಲ್ ಪ್ರೆಶರ್ ಸೆನ್ಸರ್ ಕನೆಕ್ಟರಿನ ರಿಟರ್ನ್ ಪಿನ್ನಿಗೆ ಹಿಂದಿನಿಂದ, ಸೀಲಿನ ಪಕ್ಕ ತೂರಿಸುವ ತೆಳು ಸೂಜಿಯ ಮೂಲಕ ಕೊಡಿ. ಕನೆಕ್ಟರ್ ಬಿಚ್ಚಬೇಡಿ, ವೈರಿನ ಇನ್ಸುಲೇಶನ್ ಚುಚ್ಚಬೇಡಿ. ಚುಚ್ಚಿದ ತೂತಿನಲ್ಲಿ ನೀರು ಇಳಿದು ಆರು ತಿಂಗಳ ಮೇಲೆ ಹಸಿರು ತುಕ್ಕಾಗಿ ಹೊಸ ಕೋಡ್ ಕೊಡುತ್ತದೆ. ಕಪ್ಪು ಪ್ರೋಬ್ ನೇರ ಬ್ಯಾಟರಿ ನೆಗೆಟಿವ್ ಮೇಲೆ. ಮೀಟರಿನ ವೈರುಗಳನ್ನು ಫ್ಯಾನ್, ಬೆಲ್ಟ್, ಟರ್ಬೊ ಇವುಗಳಿಂದ ದೂರ ಕಟ್ಟಿ ಕ್ಯಾಬಿನ್ ಒಳಗೆ ತನ್ನಿ.

ಸರ್ಕ್ಯೂಟ್ ಚೆನ್ನಾಗಿದ್ದರೆ ಮೀಟರ್ ಹತ್ತಾರು ಮಿಲಿವೋಲ್ಟ್ ಮಾತ್ರ ತೋರಿಸುತ್ತದೆ. ಸ್ಟಾರ್ಟ್ ಆದ ಮೇಲೆ ಮಿನ್–ಮ್ಯಾಕ್ಸ್ ಒತ್ತಿ, ಯಂತ್ರ ಕೆಲಸಕ್ಕೆ ಬಿಡಿ. ಕೋಡ್ ಬಂದಾಗ ಮ್ಯಾಕ್ಸ್ ನೋಡಿ. 4 ವೋಲ್ಟೋ, 4.8 ವೋಲ್ಟೋ ದಾಖಲಾಗಿದ್ದರೆ ಆ ಕ್ಷಣ ರಿಟರ್ನ್ ಕಡಿದುಹೋಗಿತ್ತು ಎಂಬುದು ಸಾಬೀತಾಯಿತು. ಅದೇ ಮಿಲಿವೋಲ್ಟೇ ಉಳಿದಿದ್ದರೆ ನಾನು ತಪ್ಪು ಜಾಗ ತೋರಿಸಿದೆ ಎಂದರ್ಥ. ಆಗ ಕೆಂಪು ಪ್ರೋಬನ್ನು ಸಪ್ಲೈ ಪಿನ್ನಿಗೆ ಸರಿಸಿ ಇದೇ ಪರೀಕ್ಷೆ ಮಾಡಿ. ಅಲ್ಲಿ ಯಾವಾಗಲೂ 4.75ರಿಂದ 5.25 ನಡುವೆ ಇರಬೇಕು.

ಇಲ್ಲಿ ಓಮ್ ಅಳತೆಯನ್ನು ಯಾಕೆ ಹೇಳುತ್ತಿಲ್ಲ ಎಂದರೆ, ಬಿಸಿಯಾದಾಗ ಮಾತ್ರ ಬಿಡುವ ವೈರು ತಣ್ಣಗಿದ್ದಾಗ 0.3 ಓಮ್ ತೋರಿಸಿ ನಿಮ್ಮನ್ನು ಯಾಮಾರಿಸುತ್ತದೆ. ಬಝರ್ ಇನ್ನೂ ಮೋಸ. ಹಲವು ಮೀಟರ್‌ಗಳಲ್ಲಿ 30, 40 ಓಮ್ ಇದ್ದರೂ ಪೀಂ ಎನ್ನುತ್ತದೆ. ಸರ್ಕ್ಯೂಟ್ ಕೆಲಸ ಮಾಡುತ್ತಿರುವಾಗಲೇ ವೋಲ್ಟ್ ಅಳೆಯುವುದು ನಂಬಿಕೆಗೆ ಅರ್ಹ. ಕನೆಕ್ಟರ್ ಬಿಚ್ಚಿ ಸಪ್ಲೈ ಮತ್ತು ರಿಟರ್ನ್ ನಡುವೆ 5 ವೋಲ್ಟ್ ಇದೆ ಎಂದು ತೃಪ್ತಿಪಡುವುದೂ ಸಾಲದು. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸುಮಾರು 10 ಮೆಗಾಓಮ್, ಅದು ಕರೆಂಟನ್ನೇ ಎಳೆಯುವುದಿಲ್ಲ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ, ತುಕ್ಕಿನಿಂದ 500 ಓಮ್ ಸೇರಿದ್ದರೂ ಮೀಟರ್ 5 ಎಂದೇ ಹೇಳುತ್ತದೆ. ಆ ಎರಡು ಪಿನ್‌ಗಳ ನಡುವೆ 1 ಕಿಲೋಓಮ್ ರೆಸಿಸ್ಟರ್ ಒಂದನ್ನು ಹಿಡಿದು ಮತ್ತೆ ಅಳೆಯಿರಿ. 5 ಮಿಲಿಆಂಪ್ ಹರಿಯುತ್ತದೆ, ಇಸಿಎಂಗೆ ಅಪಾಯವಿಲ್ಲ. ವೈರು ಚೆನ್ನಾಗಿದ್ದರೆ 5 ಹಾಗೇ ನಿಲ್ಲುತ್ತದೆ. 500 ಓಮ್ ಅಡಗಿದ್ದರೆ 3.3ಕ್ಕೆ ಕುಸಿಯುತ್ತದೆ. ಕಳೆದುಕೊಂಡರೂ ಚಿಂತೆಯಿಲ್ಲದಂಥ ಈ ಪುಟ್ಟ ರೆಸಿಸ್ಟರ್ ಟೂಲ್ ಬಾಕ್ಸಿನಲ್ಲಿ ಯಾವಾಗಲೂ ಇರಲಿ. ಟೆಸ್ಟ್ ಲ್ಯಾಂಪ್ ಮಾತ್ರ ಈ ಸರ್ಕ್ಯೂಟ್‌ಗಳ ಹತ್ತಿರ ತರಲೇಬೇಡಿ, ಅದು ಎಳೆಯುವ ಕರೆಂಟನ್ನು ಇಸಿಎಂನ ಸೆನ್ಸರ್ ಸಪ್ಲೈ ಸಹಿಸುವುದಿಲ್ಲ.

ರಿಟರ್ನ್ ಬಿಡುತ್ತಿದೆ ಎಂದು ಗೊತ್ತಾದ ಮೇಲೆ ಎಲ್ಲಿ ಎಂದು ಹುಡುಕಬೇಕು. ಲೈವ್ ಡೇಟಾದಲ್ಲಿ ಆಯಿಲ್ ಪ್ರೆಶರ್ ಮತ್ತು ಕೂಲೆಂಟ್ ಎರಡನ್ನೂ ಒಟ್ಟಿಗೆ ತೆರೆದಿಟ್ಟು, ಎಂಜಿನ್ ಆಫ್, ಕೀ ಆನ್, ಬಿಸಿ ಇರುವಾಗಲೇ ಹಾರ್ನೆಸ್ಸನ್ನು ಇಸಿಎಂ ಕಡೆಯಿಂದ ಗೇಣು ಗೇಣಾಗಿ ಅಲುಗಾಡಿಸುತ್ತ ಬನ್ನಿ. ಎಳೆಯುವುದು ಬೇಡ, ಬಗ್ಗಿಸಿ ಬಿಟ್ಟರೆ ಸಾಕು. ಕ್ಯಾಬಿನ್ನಿನಲ್ಲಿ ಒಬ್ಬರು ಕೂತು ಸಂಖ್ಯೆ ಎಗರಿದ ಕೂಡಲೇ ಕೂಗಲಿ. ಮ್ಯಾನಿಫೋಲ್ಡ್ ಮತ್ತು ಟರ್ಬೊ ಸುಡುತ್ತಿರುತ್ತವೆ, ತೋಳಿನವರೆಗೆ ಗ್ಲೌಸ್ ಇರಲಿ.

ನಾನು ಮೊದಲು ಕೈಹಾಕುವ ಜಾಗ, ಹಾರ್ನೆಸ್ ಎಂಜಿನ್ ಬಿಟ್ಟು ಫ್ರೇಮಿಗೆ ದಾಟುವ ತಾಣ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗುತ್ತದೆ, ಫ್ರೇಮ್ ಅಲುಗುವುದಿಲ್ಲ. ನಡುವಿನ ಹಾರ್ನೆಸ್ ದಿನವಿಡೀ ಬಗ್ಗಿ ಏಳುತ್ತದೆ. ಅಲ್ಲಿ ಸಡಿಲು ಬಿಡದೆ ಬಿಗಿಯಾಗಿ ಕ್ಲ್ಯಾಂಪ್ ಮಾಡಿದ್ದರೆ ತಾಮ್ರದ ಎಳೆಗಳು ಇನ್ಸುಲೇಶನ್ ಒಳಗೇ ಒಂದೊಂದಾಗಿ ತುಂಡಾಗುತ್ತವೆ, ಹೊರಗಿನಿಂದ ವೈರು ಹೊಸದರಂತೆ ಇರುತ್ತದೆ. ಮುಟ್ಟಿ ನೋಡಿದರೆ ಆ ಅಂಗುಲದಷ್ಟು ಜಾಗ ಮಾತ್ರ ಮೆತ್ತಗೆ, ಒಳಗೆ ಮೂಳೆ ಇಲ್ಲದ ಹಾಗೆ ಬಾಗುತ್ತದೆ. ಬಿಸಿಯಾದಾಗ ಪ್ಲಾಸ್ಟಿಕ್ ಹಿಗ್ಗಿ ತುಂಡು ತುದಿಗಳನ್ನು ಬೇರೆ ಮಾಡುತ್ತದೆ, ತಣ್ಣಗಾದಾಗ ಮತ್ತೆ ಕೂಡಿಸುತ್ತದೆ. ಬೆಳಗ್ಗೆ ಸರಿ, ಒಂದು ಗಂಟೆ ಮೇಲೆ ತೊಂದರೆ ಎಂಬ ನಿಮ್ಮ ವಿವರಣೆಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಎರಡನೇ ಜಾಗ ರಿಟರ್ನ್ ವೈರುಗಳು ಕೂಡುವ ಸ್ಪ್ಲೈಸ್. ಟೇಪಿನ ಕೆಳಗಿರುವುದರಿಂದ ಯಾರೂ ನೋಡುವುದಿಲ್ಲ. ಮೂರನೆಯದು ಕನೆಕ್ಟರ್ ಒಳಗಿನ ಹೆಣ್ಣು ಪಿನ್. ನಿಮ್ಮಲ್ಲಿ ಈಗಾಗಲೇ ಎರಡು ಸಲ ಸೆನ್ಸರ್ ಬಿಚ್ಚಿ ಹಾಕಿದ್ದಾರೆ, ಯಾರಾದರೂ ಮೀಟರಿನ ದಪ್ಪ ಪ್ರೋಬನ್ನು ಪಿನ್ನಿನೊಳಕ್ಕೆ ತುರುಕಿ ಅಗಲ ಮಾಡಿರುವ ಸಾಧ್ಯತೆ ಇದೆ. ಅದೇ ಅಳತೆಯ ಬಿಡಿ ಗಂಡು ಪಿನ್ ಒಂದನ್ನು ತೂರಿಸಿ ಎಳೆದರೆ ಸ್ವಲ್ಪ ಹಿಡಿತ ಸಿಗಬೇಕು. ಸಲೀಸಾಗಿ ಜಾರಿ ಬಂದರೆ ಆ ಪಿನ್ ಬದಲಿಸಿ. ಕನೆಕ್ಟರಿನ ಖಾಲಿ ಕುಳಿಗಳಲ್ಲಿ ಸೀಲ್ ಪ್ಲಗ್ ಇದೆಯೇ ನೋಡಿ. ಅದಿಲ್ಲದೆ ಪ್ರೆಶರ್ ವಾಷರ್ ಹಿಡಿದರೆ ನೀರು ನೇರ ಒಳಗೆ. ಹಳೆಯ ಸೆನ್ಸರ್ ಒಳಗೇ ಸೋರಿದ್ದರೆ ಆಯಿಲ್ ವೈರಿನ ಎಳೆಗಳ ನಡುವೆ ಹೀರಿಕೊಂಡು ಇಸಿಎಂ ಕನೆಕ್ಟರಿನವರೆಗೂ ಹೋಗುವುದುಂಟು. ಇಸಿಎಂ ಕನೆಕ್ಟರ್ ಬಿಚ್ಚಿದಾಗ ಒಳಗೆ ಆಯಿಲ್ ಜಿಡ್ಡು ಕಂಡರೆ ಆಶ್ಚರ್ಯಪಡಬೇಡಿ.

ಒಂದೇ ಸೆನ್ಸರಿನ ಒಂದೇ ಕೋಡ್ ಬರುವ ಯಂತ್ರಗಳಿಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಒಂದು ಸರಳ ತಂತ್ರ ಇದೆ. ಎಫ್‌ಎಂಐ 4 ಇದ್ದರೆ ಕೀ ಆಫ್ ಮಾಡಿ ಸೆನ್ಸರ್ ಬಿಚ್ಚಿ ಮತ್ತೆ ಕೀ ಆನ್ ಮಾಡಿ. ಟೆಂಪರೇಚರ್ ಸೆನ್ಸರ್ ಆದರೆ ಕೋಡ್ 3ಕ್ಕೆ ತಿರುಗಬೇಕು. ತಿರುಗಿತೆಂದರೆ ವೈರು, ಇಸಿಎಂ ಎರಡೂ ಸರಿ, ಸೆನ್ಸರ್ ಒಳಗೆ ಶಾರ್ಟ್ ಆಗಿದೆ. ಎಫ್‌ಎಂಐ 3 ಇದ್ದರೆ ಬಿಚ್ಚಿದ ಕನೆಕ್ಟರಿನಲ್ಲಿ ಸಿಗ್ನಲ್ ಮತ್ತು ರಿಟರ್ನ್ ಪಿನ್‌ಗಳನ್ನು ಸರಿ ಅಳತೆಯ ಜಂಪರ್ ವೈರಿನಿಂದ ಕೂಡಿಸಿ. ಕೋಡ್ 4ಕ್ಕೆ ತಿರುಗಿದರೆ ಇಲ್ಲೂ ವೈರು, ಇಸಿಎಂ ಸರಿ, ಸೆನ್ಸರ್ ಕೆಟ್ಟಿದೆ. ತಿರುಗದಿದ್ದರೆ ಸೆನ್ಸರನ್ನು ಬಿಟ್ಟು ಹಾರ್ನೆಸ್ ಕಡೆ ಹೋಗಿ. ಜಂಪರನ್ನು ಸಪ್ಲೈ ಪಿನ್ನಿಗೆ ಮಾತ್ರ ತಾಗಿಸಬೇಡಿ. ಮೂರು ವೈರಿನ ಸೆನ್ಸರ್ ಬಿಚ್ಚಿದಾಗ ಸಿಗ್ನಲ್ ಮೇಲೆ ಹೋಗುತ್ತದೋ ಕೆಳಗೆ ಬೀಳುತ್ತದೋ ಎಂಬುದು ಆಯಾ ಇಸಿಎಂ ವಿನ್ಯಾಸದ ಮೇಲಿದೆ, ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ. ನಿಮ್ಮ ಮೆಕ್ಯಾನಿಕ್ ಮೊದಲ ಸೆನ್ಸರ್ ತೆಗೆಯುವ ಮುನ್ನ, ತೊಂದರೆ ಇರುವ ಹೊತ್ತಿನಲ್ಲಿ ಇದನ್ನು ಮಾಡಿದ್ದರೆ ಎರಡು ಸೆನ್ಸರಿನ ದುಡ್ಡು ಉಳಿಯುತ್ತಿತ್ತು.

ಈ ತಂತ್ರ ಎಲ್ಲಕ್ಕೂ ನಡೆಯುವುದಿಲ್ಲ. ಕ್ರ್ಯಾಂಕ್, ಕ್ಯಾಮ್ ಸೆನ್ಸರ್‌ಗಳಲ್ಲಿ ಗ್ಯಾಪ್, ಟೋನ್ ವೀಲ್ (ಸೆನ್ಸರ್ ಎದುರು ತಿರುಗುವ ಹಲ್ಲಿನ ಚಕ್ರ), ತುದಿಗೆ ಅಂಟಿದ ಲೋಹದ ಪುಡಿ ನೋಡಬೇಕು. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ ತಾನೇ ಒಂದು ಪುಟ್ಟ ಕಂಪ್ಯೂಟರ್, ಅದರ ಎಫ್‌ಎಂಐ 9 ಎಂದರೆ ಸಂದೇಶವೇ ಬರುತ್ತಿಲ್ಲ. ಫ್ಯೂಸ್ ಮತ್ತು ಪವರ್ ಮೊದಲು ನೋಡಿ. ಹಲವು ಕಂಟ್ರೋಲರ್‌ಗಳು ಒಟ್ಟಿಗೆ ಮಾತು ನಿಲ್ಲಿಸಿದರೆ ಬ್ಯಾಟರಿ ಬಿಚ್ಚಿ, ಅವು ಮಾತಾಡಿಕೊಳ್ಳುವ ಕ್ಯಾನ್ ಲೈನಿನ ಹೈ ಮತ್ತು ಲೋ ವೈರುಗಳ ನಡುವೆ ಓಮ್ ಅಳೆಯಿರಿ, 60 ಬರಬೇಕು. 120 ಬಂದರೆ ಒಂದು ತುದಿಯ ಟರ್ಮಿನೇಟರ್ ರೆಸಿಸ್ಟರ್ ಕಳಚಿದೆ ಅಥವಾ ನಡುವೆ ಲೈನ್ ತುಂಡಾಗಿದೆ. ರೈಲ್ ಪ್ರೆಶರ್ ಕೋಡ್‌ಗಳ ವಿಷಯದಲ್ಲಿ ಒಂದೇ ಎಚ್ಚರಿಕೆ: ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪ್ ಸಡಿಲಿಸುವ ಹಳೆಯ ಅಭ್ಯಾಸ ಬಿಟ್ಟುಬಿಡಿ. 1600 ಬಾರ್‌ಗಿಂತ ಮೇಲಿನ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಕೈ ಕತ್ತರಿಸಬೇಕಾದ ಪರಿಸ್ಥಿತಿಯೂ ಬರಬಹುದು.

ತುಂಡಾದ ಜಾಗ ಸಿಕ್ಕಿದ ಮೇಲೆ ರಿಪೇರಿಯಲ್ಲಿ ಅವಸರ ಬೇಡ. ತಿರುಚಿ ಟೇಪ್ ಸುತ್ತಿದರೆ ಮಳೆ ಬರುವ ತನಕ ಬಾಳುತ್ತದೆ. ಬಗ್ಗಿ ಸುಸ್ತಾದ ವೈರಿನ ಆ ಭಾಗವನ್ನು ಎರಡೂ ಕಡೆ ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತುಂಡು ಸೇರಿಸಿ, ಸರಿಯಾದ ಟೂಲಿನಿಂದ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಹಾಕಿ. ಬೆಸುಗೆ ನನಗೆ ಒಪ್ಪಿಗೆಯಿಲ್ಲ. ಬೆಸುಗೆ ಮುಗಿಯುವಲ್ಲಿ ವೈರು ಗಟ್ಟಿಯಾಗಿ, ಕಂಪನಕ್ಕೆ ಅಲ್ಲೇ ಮುರಿಯುತ್ತದೆ. ಅಕ್ಕಪಕ್ಕದ ವೈರುಗಳಲ್ಲೂ ಜೋಡಣೆ ಇದ್ದರೆ ಎಲ್ಲವನ್ನೂ ಒಂದೇ ಕಡೆ ತರದೆ ಹಿಂದೆ ಮುಂದೆ ಮಾಡಿ. ಕ್ಲ್ಯಾಂಪನ್ನು ಸರಿಸಿ ಎಂಜಿನ್ ಅಲುಗಲು ಬೇಕಾದಷ್ಟು ಸಡಿಲು ಕೊಡಿ. ಆ ತಾಣದಲ್ಲಿ ಒಂದು ವೈರು ತುಂಡಾಗಿದ್ದರೆ ಪಕ್ಕದವೂ ಅದೇ ವಯಸ್ಸಿನವು, ಅವನ್ನೂ ಒಂದೊಂದಾಗಿ ಬಗ್ಗಿಸಿ ನೋಡಿ.

ರಿಟರ್ನ್ ವೈರನ್ನು ಹುಡುಕುವ ಬದಲು ಸೆನ್ಸರ್ ಹತ್ತಿರವೇ ಒಂದು ವೈರು ಎಳೆದು ಬೋಲ್ಟಿಗೆ ಕಟ್ಟಿ ಚಾಸಿ ಗ್ರೌಂಡ್ ಕೊಡುವವರಿದ್ದಾರೆ. ಕೋಡ್ ಹೋಗುತ್ತದೆ, ನಿಜ. ಆದರೆ ಸ್ಟಾರ್ಟರ್, ಆಲ್ಟರ್ನೇಟರ್‌ಗಳ ಕರೆಂಟ್ ಓಡಾಡುವ ಚಾಸಿಯ ವೋಲ್ಟೇಜ್ ಏರಿಳಿತವೆಲ್ಲ ಸೆನ್ಸರ್ ಅಳತೆಗೆ ಸೇರುತ್ತದೆ. ಮಿಲಿವೋಲ್ಟ್ ಲೆಕ್ಕದ ಸರ್ಕ್ಯೂಟಿಗೆ ಅದು ಸಲ್ಲದು. ಯಾರಾದರೂ ಈಗಾಗಲೇ ಹಾಗೆ ಮಾಡಿದ್ದರೆ ಬಿಚ್ಚಿ ಹಾಕಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಮೀಟರನ್ನು ಮೊದಲಿದ್ದ ಹಾಗೇ ರಿಟರ್ನ್ ಪಿನ್ನಿಗೆ ಕಟ್ಟಿಟ್ಟು, ತೊಂದರೆ ಬರುತ್ತಿದ್ದ ಒಂದು ಗಂಟೆ ದಾಟಿ ಪೂರ್ತಿ ಲೋಡಿನಲ್ಲಿ ಅಗೆಸಿ. ನಿಂತಲ್ಲೇ ಐಡಲ್ ಓಡಿಸಿ ಸರಿಯಾಯಿತು ಎಂದು ಕೈತೊಳೆದುಕೊಳ್ಳಬೇಡಿ. ಆ ಬಿಸಿ, ಆ ಕಂಪನ ಎರಡೂ ಬರಬೇಕು. ಮ್ಯಾಕ್ಸ್ ಮಿಲಿವೋಲ್ಟಿನಲ್ಲೇ ನಿಂತು, ಕೂಲೆಂಟ್ ಗ್ರಾಫ್ ನಯವಾಗಿ ಹೋದರೆ ಕೆಲಸ ಮುಗಿಯಿತು.

ಇನ್ನು ನಿಮ್ಮ ಮೂಲ ಪ್ರಶ್ನೆ, ಇಸಿಎಂ. ಅದು ತಪ್ಪಿತಸ್ಥ ಎಂದು ಹೇಳಲು ಒಂದೇ ಸಾಕ್ಷಿ ಸಾಕು: ಕೋಡ್ ಇರುವ ಕ್ಷಣದಲ್ಲಿ ಇಸಿಎಂ ಕನೆಕ್ಟರಿನ ರಿಟರ್ನ್ ಪಿನ್ನಿನ ಹಿಂಭಾಗದಲ್ಲೇ ವೋಲ್ಟೇಜ್ ಏರಿರಬೇಕು, ಅದೇ ವೇಳೆ ಇಸಿಎಂನ ಸ್ವಂತ ಪವರ್ ಗ್ರೌಂಡ್ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಸೆನ್ಸರ್ ಕಡೆ ಏರಿ ಇಸಿಎಂ ಕಡೆ ಏರದಿದ್ದರೆ ತಪ್ಪು ನಡುವಿನ ವೈರಿನದು. ಎರಡೂ ಕಡೆ ಏರಿದ್ದರೂ ಕನೆಕ್ಟರ್ ಬಿಚ್ಚಿ ಆ ಒಂದು ಪಿನ್ನಿನ ಹಿಡಿತ, ತುಕ್ಕು ನೋಡಿದ ಮೇಲೆಯೇ ಮುಂದಿನ ಮಾತು. ಇಸಿಎಂಗೆ ತನ್ನೊಳಗಿನ ದೋಷ ಗೊತ್ತಾದರೆ ಸಾಮಾನ್ಯವಾಗಿ ಅದಕ್ಕೇ ಬೇರೆ ಕೋಡ್ ಬರೆಯುತ್ತದೆ, ಎಸ್‌ಪಿಎನ್ 629 ಎಫ್‌ಎಂಐ 12. ನಿಮ್ಮ ಪಟ್ಟಿಯಲ್ಲಿ ಅದಿದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಇದೆಲ್ಲ ದಾಟಿಯೂ ಇಸಿಎಂ ಮೇಲೇ ಬಂದು ನಿಂತರೆ, ಹಳೆಯದನ್ನು ತೆಗೆಯುವ ಮೊದಲು ಅದರ ಕ್ಯಾಲಿಬ್ರೇಶನ್ ಫೈಲ್, ಅವರ್ ಮೀಟರ್, ಪ್ರತಿ ಇಂಜೆಕ್ಟರಿನ ಟ್ರಿಮ್ ಕೋಡ್ ಎಲ್ಲವನ್ನೂ ಓದಿ ಬರೆದಿಟ್ಟುಕೊಳ್ಳಲು ಹೇಳಿ. ಅವನ್ನು ಹೊಸದಕ್ಕೆ ಹಾಕದಿದ್ದರೆ ಎಂಜಿನ್ ಸ್ಟಾರ್ಟ್ ಆಗದೆಯೂ ಇರಬಹುದು, ಸ್ಟಾರ್ಟ್ ಆದರೂ ಹೊಗೆಯುಗುಳುತ್ತ ಒರಟಾಗಿ ಓಡಬಹುದು.